ತೀರ್ಥಹಳ್ಳಿ ಕಡೆ ಮಕ್ಕಳು, ಅಮ್ಮ ಎಲ್ಲರೂ ಸೇರಿ ನಡೆಯುವಂಥ ದಾರಿ ಯಾವುದಿದೆ?

ಎರಡು ಮಕ್ಕಳ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನವರು. ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ರಜೆ. ನಾಲ್ಕು ದಿನ ತೀರ್ಥಹಳ್ಳಿ ಹತ್ತಿರ ಒಂದು ಹೋಂಸ್ಟೇಯಲ್ಲಿ ಉಳಿಯೋಣ ಅಂತ ಇದ್ದೇವೆ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ಅಮ್ಮ. ಅಮ್ಮನಿಗೆ ಅರವತ್ತೆಂಟು. ಮಂಡಿ ನೋವಿದೆ. ದಾರಿ ಸಮತಟ್ಟಾಗಿದ್ದರೆ ನಮಗಿಂತ ಜಾಸ್ತಿ ನಡೆಯುತ್ತಾರೆ. ಮೆಟ್ಟಿಲು ಇಳಿಯುವುದು ಮಾತ್ರ ಕಷ್ಟ.

ನಮಗೆ ಬೇಕಾಗಿರುವುದು ಟ್ರೆಕ್ಕಿಂಗ್ ಅಲ್ಲ. ಬೆಳಗ್ಗೆ ತಿಂಡಿ ತಿಂದು ಹೊರಟು, ಗದ್ದೆ, ಹಳ್ಳ, ಕಾಡಿನ ಅಂಚು ಅಂತ ನಿಧಾನಕ್ಕೆ ಎರಡು ಮೂರು ಕಿಲೋಮೀಟರ್ ನಡೆದು, ಊಟದ ಹೊತ್ತಿಗೆ ವಾಪಸ್ ಬರುವಂಥ ದಾರಿ ಬೇಕು. ಹುಡುಕಿದರೆ ಬರೀ ಜಲಪಾತ, ವ್ಯೂ ಪಾಯಿಂಟ್‌ಗಳ ಪಟ್ಟಿ ಸಿಗುತ್ತದೆ. ಕಾರಿಂದ ಇಳಿ, ಫೋಟೋ ತೆಗಿ, ಕಾರು ಹತ್ತು. ಹಾಗೆ ಸುತ್ತಿದರೆ ಮಕ್ಕಳು ಸುಸ್ತಾಗುತ್ತಾರೆ ಅಷ್ಟೇ, ಏನೂ ನೋಡಿದ ಹಾಗಾಗುವುದಿಲ್ಲ.

ಬೇರೆಯವರ ತೋಟ, ಗದ್ದೆಯಲ್ಲಿ ನಡೆದರೆ ಬೈತಾರಾ? ಕಾಡಿಗೆ ಹೋಗಲು ಪರ್ಮಿಷನ್ ಬೇಕಾ? ಉಂಬಳ (ಜಿಗಣೆ) ಎಷ್ಟಿರುತ್ತದೆ? ಆ ಕಡೆಯವರು ದಯವಿಟ್ಟು ಹೇಳಿ.

ಘಟ್ಟದ ಹುಡುಗ

ಕೊಡಚಾದ್ರಿ ಬಿಡಬೇಡಿ ಸರ್. 1,343 ಮೀಟರ್ ಎತ್ತರ, ಆದರೆ ದೇವಸ್ಥಾನದವರೆಗೆ ಜೀಪ್ ಹೋಗುತ್ತದೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದರೆ ಆಯ್ತು. ಒಂದು ದಿನ ಶೃಂಗೇರಿ, ಸಿರಿಮನೆ ಜಲಪಾತ. ಒಂದು ಸಂಜೆ ಆಗುಂಬೆ ಸೂರ್ಯಾಸ್ತ. ನಾಲ್ಕು ದಿನದಲ್ಲಿ ಎಲ್ಲಾ ಆರಾಮಾಗಿ ಮುಗಿಯುತ್ತದೆ.

ಕಾನಂಚಿನ ಮನೆ

ಕೊಡಚಾದ್ರಿ ಚೆಂದದ ಜಾಗವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಜೀಪ್ ದಾರಿ ಮಂಡಿ ನೋವಿರುವವರಿಗೆ ಹೇಳಿಸಿದ್ದಲ್ಲ. ಕೂತ ಜಾಗದಲ್ಲಿ ಕೂರಲು ಬಿಡುವುದಿಲ್ಲ. ಮೇಲೆ ಹೋದ ಮೇಲೂ ಏರು ದಾರಿಯಲ್ಲೇ ನಡೆಯಬೇಕು. ಮಕ್ಕಳು ದೊಡ್ಡವರಾದ ಮೇಲೆ ಅವರನ್ನಷ್ಟೇ ಕರೆದುಕೊಂಡು ಹೋಗಿ.

ನನ್ನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಸಣ್ಣ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ರಜೆ ಬಂತೆಂದರೆ ಅಣ್ಣನ ಮಕ್ಕಳು, ತಂಗಿಯ ಮಕ್ಕಳು ಎಲ್ಲಾ ಇಲ್ಲೇ ಇರುತ್ತಾರೆ. ಅವರನ್ನು ಸುತ್ತಾಡಿಸುವ ಕೆಲಸ ನನ್ನದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಉಳಿಯುವ ಮನೆಯನ್ನು ಸರಿಯಾಗಿ ಆರಿಸಿ. ನಿಮ್ಮ ನಾಲ್ಕು ದಿನ ಹೇಗಿರುತ್ತದೆ ಅನ್ನುವುದು ಪೂರ್ತಿ ಅದರ ಮೇಲೇ ನಿಂತಿದೆ. ಈಜುಕೊಳ ಇದೆಯಾ, ಕ್ಯಾಂಪ್ ಫೈರ್ ಇದೆಯಾ ಅಂತ ಕೇಳಬೇಡಿ. ಫೋನ್ ಮಾಡಿ ಮೂರು ವಿಷಯ ಕೇಳಿ. ಅಂಗಳದಿಂದ ಹೊರಟು ಡಾಂಬರು ರಸ್ತೆ ಮುಟ್ಟದೆ ನಡೆಯಲು ದಾರಿ ಇದೆಯಾ? ಹಳ್ಳ ಎಷ್ಟು ದೂರ? ಜೊತೆಗೆ ಬರಲು ಮನೆಯವರು ಅಥವಾ ಕೆಲಸದವರು ಯಾರಾದರೂ ಇರುತ್ತಾರಾ? ಮೂರಕ್ಕೂ ಹೌದು ಅಂದರೆ ಆ ಮನೆಯನ್ನೇ ಹಿಡಿಯಿರಿ. ಕಾರನ್ನು ಎರಡು ದಿನ ಮುಟ್ಟುವುದೇ ಬೇಡ.

ನಮ್ಮ ಕಡೆ ಸಾಮಾನ್ಯವಾಗಿ ಮನೆ ಎದುರಿಗೋ ಕೆಳಗೋ ತೋಟ. ತೋಟದ ಆಚೆ ಹಳ್ಳ, ಗದ್ದೆ. ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಅದರ ಮೇಲೆ ಕಾನು, ಅಂದರೆ ದಟ್ಟ ಕಾಡು. ಇವೆಲ್ಲ ಅರ್ಧ ಗಂಟೆಯ ನಡಿಗೆಯೊಳಗೇ ಸಿಗುತ್ತವೆ. ಬೆಳಗ್ಗೆ ಎಂಟೂವರೆ ಹೊತ್ತಿಗೆ ಮಂಜು ಕರಗುತ್ತಿರುವಾಗ ಹೊರಡಿ. ತೋಟದೊಳಗೆ ನೆಲ ತಂಪು, ದಾರಿ ಸಮತಟ್ಟು. ಅಮ್ಮ ಆರಾಮಾಗಿ ನಡೆಯಬಹುದು. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ, ಬುಡದಲ್ಲಿ ಏಲಕ್ಕಿ, ಮಧ್ಯೆ ಬಾಳೆ. ಏಲಕ್ಕಿ ಬುಡದಲ್ಲಿ ಬಿಡುತ್ತದೆ ಅಂತ ಗೊತ್ತಾದಾಗ ಪೇಟೆ ಮಕ್ಕಳಿಗೆ ಆಗುವ ಆಶ್ಚರ್ಯ ನೋಡಬೇಕು ನೀವು. ಮಂಡಿಯೂರಿ ಕೂತು ಹುಡುಕುತ್ತಾರೆ.

ಹಳ್ಳಕ್ಕೆ ಸಂಕ, ಅಂದರೆ ದಾಟಲು ಕಾಲುಸೇತುವೆ ಹಾಕಿರುತ್ತಾರೆ. ಸೀಳಿದ ಅಡಿಕೆ ಮರದ ದಬ್ಬೆಯದ್ದಾದರೆ ಅಮ್ಮನನ್ನು ದಾಟಿಸಬೇಡಿ, ಮಂಜಿಗೆ ಜಾರುತ್ತದೆ. ಸಿಮೆಂಟಿನದ್ದಿದ್ದರೆ ಚಿಂತೆಯಿಲ್ಲ. ಡಿಸೆಂಬರ್‌ನಲ್ಲಿ ಹಳ್ಳದ ನೀರು ಕಡಿಮೆ, ತಿಳಿಯಾಗಿರುತ್ತದೆ. ಮಕ್ಕಳಿಗೆ ಅಲ್ಲೇ ಒಂದು ಗಂಟೆ ಬೇಕು. ಕಲ್ಲೆತ್ತಿದರೆ ಏಡಿ, ನಿಂತ ನೀರಲ್ಲಿ ಸಣ್ಣ ಮೀನು. ಹೊತ್ತಾಯ್ತು ಬನ್ನಿ ಅಂತ ಅವಸರ ಮಾಡಬೇಡಿ. ಎರಡು ಕಿಲೋಮೀಟರ್ ಮುಗಿಸಲೇಬೇಕು ಅನ್ನುವ ಹಟ ದೊಡ್ಡವರದು. ಆರು ವರ್ಷದ ಹುಡುಗನಿಗೆ ಆ ಹಳ್ಳವೇ ಅವತ್ತಿನ ಊರು.

ಗದ್ದೆ ಆ ಹೊತ್ತಿಗೆ ಬಹುಮಟ್ಟಿಗೆ ಕೊಯ್ಲಾಗಿರುತ್ತದೆ. ಅಂಚಿನ ಮೇಲೇ ನಡೆಯಬೇಕೆಂದಿಲ್ಲ, ಒಣಗಿದ ಗದ್ದೆಯಲ್ಲೇ ಅಡ್ಡ ಹಾಯಬಹುದು. ಯಾರದಾದರೂ ಗದ್ದೆಯಲ್ಲಿ ಇನ್ನೂ ಪೈರಿದ್ದರೆ ಮಾತ್ರ ಸುತ್ತು ಹಾಕಿ ಹೋಗಿ.

ಇನ್ನು ಸೊಪ್ಪಿನ ಬೆಟ್ಟ. ಅಲ್ಲಿನ ಮರಗಳು ಕಂಬದ ಹಾಗೆ ನಿಂತಿರುವುದನ್ನು ನೋಡಿ ಕಾಡು ಕಡಿದಿದ್ದಾರೆ ಅಂತ ಅಂದುಕೊಳ್ಳಬೇಡಿ. ಕೊಟ್ಟಿಗೆಗೆ, ಗೊಬ್ಬರಕ್ಕೆ ಅಂತ ರೆಂಬೆ ಸೊಪ್ಪು ಸವರಿರುತ್ತಾರೆ, ಮತ್ತೆ ಚಿಗುರುತ್ತದೆ. ದನದ ಕಾಲಡಿಗೆ ಹೋದ ಸೊಪ್ಪು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಮಗಳಿಗೆ ಹತ್ತು ವರ್ಷ ಅಂದಿರಲ್ಲ, ಅವಳಿಗೆ ಇದನ್ನು ಬೆಟ್ಟ, ಕೊಟ್ಟಿಗೆ, ತೋಟ ಅಂತ ಅದೇ ಕ್ರಮದಲ್ಲಿ ನಡೆಸಿ ತೋರಿಸಿ. ಒಂದೇ ಬೆಳಗ್ಗೆಯಲ್ಲಿ ಪೂರ್ತಿ ಅರ್ಥವಾಗುತ್ತದೆ.

ಕಾನಿನ ಒಳಗೆ ದೂರ ಹೋಗಬೇಡಿ. ಅಂಚಿನಲ್ಲಿ ಹತ್ತು ನಿಮಿಷ ಮಾತಾಡದೆ ನಿಂತರೆ ಸಾಕು. ಮಂಗಟ್ಟೆ ಹಾರಿದರೆ ಮೊದಲು ರೆಕ್ಕೆಯ ಸದ್ದು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ. ಕೆಂದಳಿಲು ಇದ್ದರೆ ಮೇಲಿನ ಕೊಂಬೆ ಅಲ್ಲಾಡುತ್ತದೆ. ನಿಮ್ಮ ಬೆಂಗಳೂರಿನ ಅಳಿಲಿನ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಾಲ ಸೇರಿಸಿದರೆ ಎರಡೂವರೆ ಮೂರು ಅಡಿ ಇರುತ್ತದೆ.

ಬೈತಾರಾ ಅಂತ ಕೇಳಿದಿರಿ. ಕೇಳಿಕೊಂಡು ಹೋದರೆ ಯಾರೂ ಬೈಯುವುದಿಲ್ಲ. ಬೈಯುವುದಿರಲಿ, ಮಜ್ಜಿಗೆ ಕೊಡದೆ ಕಳಿಸುವುದಿಲ್ಲ. ಕೇಳದೆ ನುಗ್ಗಿದರೆ ಬೈತಾರೆ, ಬೈಯಬೇಕು ಕೂಡ. ಬೇಲಿಗೆ ಉಣುಗೋಲು (ದಾಟಲು ಸರಿಸುವ ಅಡ್ಡಕೋಲು) ಇದ್ದರೆ ಸರಿಸಿ ದಾಟಿ, ಕೊನೆಯವರು ಮತ್ತೆ ಮುಚ್ಚಬೇಕು. ಇದನ್ನು ಮಗನ ಜವಾಬ್ದಾರಿ ಮಾಡಿ, ಖುಷಿಯಿಂದ ಮಾಡುತ್ತಾನೆ. ಒಂದು ಉಣುಗೋಲು ತೆರೆದಿಟ್ಟು ಹೋದರೆ ರಾತ್ರಿಯೊಳಗೆ ದನ ನುಗ್ಗಿ ವರ್ಷದ ತರಕಾರಿ ಹೋಗುತ್ತದೆ. ಬಿದ್ದ ಅಡಿಕೆ ಅಂತ ಜೇಬಿಗೆ ಹಾಕಬೇಡಿ, ಅದೂ ಲೆಕ್ಕದ್ದೇ. ಚಾಕಲೇಟ್ ಕವರು, ನೀರಿನ ಬಾಟಲಿ ಏನೇ ಇರಲಿ, ವಾಪಸ್ ನಿಮ್ಮ ಚೀಲಕ್ಕೆ.

ಪರ್ಮಿಷನ್ ವಿಷಯ: ಊರಿನ ದಾರಿಗೆ ಬೇಕಿಲ್ಲ. ರಿಸರ್ವ್ ಫಾರೆಸ್ಟ್, ಅಭಯಾರಣ್ಯದ ಒಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆಗುಂಬೆ ಸುತ್ತಲಿನ ಬರ್ಕಣ, ಒನಕೆ ಅಬ್ಬಿ ಜಲಪಾತಗಳ ಕಡೆ ಯಾರೋ ಹೋಗಿದ್ದರು ಅಂತ ನೀವೇ ಹೊರಡಬೇಡಿ. ಮೊದಲು ಅರಣ್ಯ ಕಚೇರಿಯಲ್ಲಿ ಕೇಳಿ. ನಿಮ್ಮ ಗುಂಪಿಗೆ ಅವು ಬೇಕಾಗಿಯೂ ಇಲ್ಲ.

ಕಾರು ತೆಗೆದು ಹೋಗಲೇಬೇಕಾದ ಒಂದು ನಡಿಗೆ ಇದೆ. ಕವಲೇದುರ್ಗ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಮಕ್ಕಳ ಜೊತೆ ನಡೆಯಲು ಈ ತಾಲೂಕಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೊದಲು ಗದ್ದೆ ಬಯಲಿನ ಮಧ್ಯೆ ದಾರಿ. ಗದ್ದೆ ಮುಗಿದ ಮೇಲೆ ಮರಗಳ ನೆರಳಲ್ಲಿ ಕಲ್ಲು ಹಾಸಿದ ಹಳೇ ದಾರಿ. ಏರು ಇದೆ, ಆದರೆ ಆರು ವರ್ಷದವನು ಹತ್ತುತ್ತಾನೆ. ಒಂದರ ಒಳಗೊಂದು ಮೂರು ಸುತ್ತಿನ ಕೋಟೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು ಕಾಯುತ್ತಿರುತ್ತದೆ. ಹಾಗಾಗಿ ಇನ್ನೆಷ್ಟು ದೂರ ಅಂತ ಮಕ್ಕಳು ಕೇಳುವುದಿಲ್ಲ, ಮುಂದಿನ ಬಾಗಿಲಿಗೆ ಅವರೇ ಮೊದಲು ಓಡುತ್ತಾರೆ. ಒಳಗೆ ಕಾಶಿ ವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ಅಡಿಪಾಯ. ಅರಮನೆಯಲ್ಲಿ ಅಡುಗೆ ಮನೆಯ ಕಲ್ಲಿನ ಒಲೆ ಇನ್ನೂ ಇದೆ. ನೀರು ಹರಿದು ಹೋಗಲು ಮಾಡಿದ ಕಾಲುವೆಯೂ ಕಾಣುತ್ತದೆ. ಇಲ್ಲಿ ಮಲಗುವ ಕೋಣೆ, ಇಲ್ಲಿ ಸ್ನಾನ, ಇಲ್ಲಿ ಅಡುಗೆ ಅಂತ ಮಕ್ಕಳೇ ಮನೆ ಕಟ್ಟಿಕೊಳ್ಳುತ್ತಾರೆ. ಕೆಳದಿಯ ವೆಂಕಟಪ್ಪ ನಾಯಕ ಗಟ್ಟಿ ಮಾಡಿದ ಕೋಟೆ ಇದು, ಭುವನಗಿರಿ ದುರ್ಗ ಅಂತಲೂ ಹೆಸರು. ಕೆಳದಿ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಒಯ್ದರು. 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿಯುವವರೆಗೆ ಈ ಸೀಮೆ ಅವರದ್ದು. ಮಗಳಿಗೆ ಹೊರಡುವ ಮೊದಲೇ ಇಷ್ಟು ಹೇಳಿರಿ, ಅಲ್ಲಿ ಕಲ್ಲುಗಳು ಮಾತಾಡುತ್ತವೆ.

ಎರಡು ಎಚ್ಚರ. ಕೊಳಗಳಿಗೆ ಕಂಬಿ ಇಲ್ಲ, ಮಗನ ಕೈ ಬಿಡಬೇಡಿ. ಹಾಸುಗಲ್ಲು ಸವೆದು ನುಣುಪಾಗಿದೆ, ಇಳಿಯುವಾಗ ಹಿಡಿತ ಇರುವ ಶೂ ಬೇಕು. ಬಿಸಿಲೇರುವ ಮುಂಚೆ ಹತ್ತಿ. ನೀರು, ಬುತ್ತಿ ನೀವೇ ಒಯ್ಯಿರಿ.

ಎರಡು ಮಕ್ಕಳ ಅಪ್ಪ

ಮೇಡಂ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ, ಅಮ್ಮನೂ ಪಕ್ಕದಲ್ಲಿ ಕೂತು ಕೇಳಿದರು. ಕವಲೇದುರ್ಗಕ್ಕೆ ತಾನೂ ಬರುತ್ತೇನೆ ಅಂತಿದ್ದಾರೆ. ಸಾಧ್ಯ ಆಗುತ್ತಾ? ಇನ್ನೊಂದು ವಿಷಯ, ಮಂಗನ ಕಾಯಿಲೆ ಸುದ್ದಿ ಓದಿ ಹೆಂಡತಿಗೆ ಸ್ವಲ್ಪ ಭಯ. ಮಕ್ಕಳನ್ನು ಕಾಡಂಚಿಗೆ ಕರೆದುಕೊಂಡು ಹೋಗುವುದು ಸರಿನಾ?

ಶಿವಮೊಗ್ಗದ ನರ್ಸಮ್ಮ

ಕಾಯಿಲೆ ವಿಷಯ ನಾನು ಹೇಳುತ್ತೇನೆ. ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ.

ಭಯ ಬೇಡ, ಎಚ್ಚರ ಬೇಕು. ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೇ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾಗಿದ್ದು. ಹರಡುವುದು ಉಣುಗಿನ (ಉಣ್ಣೆಯ) ಕಡಿತದಿಂದ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ, ಬೇಸಿಗೆ ಹತ್ತಿರವಾದಂತೆ ಜಾಸ್ತಿ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ಒಣ ತರಗೆಲೆ ಇರುವ ಕಡೆ ಅದಿರುತ್ತದೆ.

ಅದಕ್ಕೇ ಕಾಡಂಚಿನಲ್ಲಿ ತರಗೆಲೆ ಮೇಲೆ ಕೂರಬೇಡಿ, ಮಕ್ಕಳನ್ನು ಹೊರಳಾಡಲು ಬಿಡಬೇಡಿ. ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ್ದು ಕಾಣುತ್ತದೆ. ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತದೆ, ಹೋಂಸ್ಟೇಯವರನ್ನು ಕೇಳಿ. ವಾಪಸ್ ಬಂದ ತಕ್ಷಣ ಎಲ್ಲರೂ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ. ಕಂಕುಳು, ಕಿವಿಯ ಹಿಂದೆ, ಸೊಂಟದ ಸುತ್ತ ನೋಡಿ. ಹಾಕಿದ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೊರಡುವ ಮುಂಚೆ ಆ ಊರಲ್ಲಿ ಈ ವರ್ಷ ಕೇಸ್ ಇದೆಯಾ ಅಂತ ವಿಚಾರಿಸಿ. ಇದ್ದರೆ ತೋಟ, ಗದ್ದೆ, ಕೋಟೆ ಸಾಕು, ಕಾನಂಚು ಬಿಟ್ಟುಬಿಡಿ.

ಬೆಂಗಳೂರಿಗೆ ಹೋದ ಮೇಲೆ ಹತ್ತು ಹದಿನೈದು ದಿನದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲು ಹೇಳಿ. ಇದೊಂದು ಮರೆಯಬೇಡಿ.

ಉಂಬಳ ಡಿಸೆಂಬರ್ ಕೊನೆಗೆ ಬಹಳ ಕಡಿಮೆ. ಹಳ್ಳದ ಪಕ್ಕ ಒಂದೆರಡು ಇರಬಹುದು. ಕಚ್ಚಿದರೆ ಎಳೆದು ಕೀಳಬೇಡಿ. ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಅದು ಹೆಪ್ಪುಗಟ್ಟದ ಹಾಗೆ ಉಂಬಳ ಮಾಡಿರುತ್ತದೆ. ತೊಳೆದು ಒತ್ತಿ ಹಿಡಿದರೆ ಸಾಕು. ಇದರಿಂದ ಮಂಗನ ಕಾಯಿಲೆ ಬರುವುದಿಲ್ಲ.

ಶಿರಸಿ ಕಡೆಯವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮುಂದಿನ ಸಲ ನಮ್ಮ ಕಡೆ ಬನ್ನಿ. ಯಾಣಕ್ಕೆ ಗಾಡಿ ನಿಲ್ಲಿಸಿದ ಮೇಲೆ ಕಾಡಿನ ನೆರಳಲ್ಲಿ ಸ್ವಲ್ಪವೇ ನಡಿಗೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಬುಡದಲ್ಲಿ ನಿಂತು ಕತ್ತೆತ್ತಿದಾಗ ಮಕ್ಕಳು ಮಾತು ನಿಲ್ಲಿಸುತ್ತಾರೆ. ಕೊನೆಯಲ್ಲಿ ಮೆಟ್ಟಿಲಿದೆ, ಅಮ್ಮನಿಗೆ ಕೋಲು ಬೇಕು. ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ನೀರು ಇಳಿದ ಮೇಲೆ ಬಂದರೆ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ಚೆನ್ನಾಗಿ ಕಾಣುತ್ತವೆ. ಪಾಚಿ ಇರುವ ಬಂಡೆ ಮೇಲೆ ಮಾತ್ರ ಕಾಲಿಡಬೇಡಿ.

ಕಾನಂಚಿನ ಮನೆ

ನರ್ಸಮ್ಮ ಹೇಳಿದ್ದೆಲ್ಲ ಅಕ್ಷರಕ್ಕಕ್ಷರ ನಿಜ. ನಮ್ಮ ಮನೆಯಲ್ಲೂ ಬೆಟ್ಟದಿಂದ ಬಂದವರು ಮೊದಲು ಬಚ್ಚಲಿಗೆ, ಆಮೇಲೆ ಅಡುಗೆ ಮನೆಗೆ. ನಾನು ಇನ್ನೊಂದು ಸೇರಿಸುತ್ತೇನೆ. ಸಂಜೆ ಐದೂವರೆ ಆದ ಮೇಲೆ ಗದ್ದೆ, ಕಾಡಂಚಿನಲ್ಲಿ ಇರಬೇಡಿ. ಕಾಟಿ (ಕಾಡುಕೋಣ) ಮೇಯಲು ಇಳಿಯುವ ಹೊತ್ತು ಅದು. ಈಚೆಗೆ ತುಂಬಾ ಜಾಸ್ತಿಯಾಗಿವೆ. ದೂರದಲ್ಲಿ ಕಂಡರೂ ನಿಂತು ಮೊಬೈಲ್ ತೆಗೆಯಬೇಡಿ, ಸದ್ದಿಲ್ಲದೆ ಹಿಂದೆ ಬನ್ನಿ.

ಅಮ್ಮನ ವಿಷಯ. ಅವರ ಆಸೆಗೆ ಇಲ್ಲ ಅನ್ನಬೇಡಿ. ಗದ್ದೆ ಬಯಲು ದಾಟಿ ಮೊದಲ ಬಾಗಿಲವರೆಗೆ ನಿಧಾನಕ್ಕೆ ಕರೆದುಕೊಂಡು ಹೋಗಿ. ಕೈಗೆ ಒಂದು ಬಿದಿರು ಕೋಲು ಕೊಡಿ, ಯಾವ ಮನೆಯಲ್ಲೂ ಸಿಗುತ್ತದೆ. ಬಾಗಿಲ ಹತ್ತಿರ ಕಲ್ಲಿನ ಕಟ್ಟೆ ಮೇಲೆ ಕೂತು, ಮಂಡಿ ಹೇಗಿದೆ ನೋಡಿಕೊಂಡು ಮುಂದಿನದ್ದು ಅವರೇ ತೀರ್ಮಾನಿಸಲಿ. ಹತ್ತುವಾಗ ಎಷ್ಟು ಆಯ್ತು ಅನ್ನುವುದನ್ನು ನೋಡಬೇಡಿ, ಇಳಿಯಲು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ನೀವು, ನಿಮ್ಮ ಹೆಂಡತಿ ಇಬ್ಬರಲ್ಲಿ ಒಬ್ಬರು ಅವರ ಜೊತೆ ಉಳಿದರೆ ಇನ್ನೊಬ್ಬರು ಮಕ್ಕಳನ್ನು ಮೇಲೆ ಶ್ರೀಕಂಠೇಶ್ವರನ ಗುಡಿವರೆಗೆ ಕರೆದುಕೊಂಡು ಹೋಗಬಹುದು.

ಅಮ್ಮನಿಗೇ ಅಂತ ಒಂದು ದಿನ ಕುಪ್ಪಳಿಗೆ ಹೋಗಿ. ಕುವೆಂಪು ಅವರ ಮನೆಯನ್ನು ಅವರ ವಯಸ್ಸಿನವರು ನೋಡುವ ರೀತಿಯೇ ಬೇರೆ. ತೊಟ್ಟಿ ಮನೆ, ಹಳೇ ಪಾತ್ರೆ ಪಗಡೆ, ಕಡೆಗೋಲು, ಒನಕೆ. ಅಜ್ಜಿ ಒಂದೊಂದನ್ನೂ ಮೊಮ್ಮಕ್ಕಳಿಗೆ ವಿವರಿಸುತ್ತಾ ನಿಂತರೆ ಅರ್ಧ ದಿನ ಹೋಗುತ್ತದೆ, ಹೋಗಲಿ. ಕವಿಶೈಲ ಅಲ್ಲೇ ಗುಡ್ಡದ ಮೇಲೆ. ಸಂಜೆ ನಾಲ್ಕರ ಹೊತ್ತಿಗೆ ಹೋಗಿ ಬಂಡೆ ಮೇಲೆ ಸುಮ್ನೆ ಕೂರಿ. ಅವರ ಸಮಾಧಿಯೂ ಅಲ್ಲೇ ಇರುವುದರಿಂದ ಮಕ್ಕಳಿಗೆ ಕೂಗಾಡಬೇಡಿ ಅಂತ ಮೊದಲೇ ಹೇಳಿಟ್ಟಿರಿ.

ಚಿಬ್ಬಲಗುಡ್ಡೆ ನಡಿಗೆ ಅಲ್ಲ, ಆದರೂ ಮಗನಿಗೋಸ್ಕರ ಹೋಗಿ. ತುಂಗೆಯ ದಡದಲ್ಲಿ ಗಣಪತಿ ದೇವಸ್ಥಾನ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಮೆಟ್ಟಿಲ ಹತ್ತಿರವೇ ದೊಡ್ಡ ದೊಡ್ಡ ಮೀನು ಗುಂಪಾಗಿ ಬರುತ್ತವೆ. ನೀರಿಗೆ ಇಳಿಸಬೇಡಿ, ಹೊಳೆ ಆಳವಿದೆ.

ಎರಡು ಮಕ್ಕಳ ಅಪ್ಪ

ಇಬ್ಬರಿಗೂ ಕೈ ಮುಗಿದೆ. ಒಂದು ಮನೆ ಸಿಕ್ಕಿದೆ. ನೀವು ಹೇಳಿದ ಮೂರೂ ಪ್ರಶ್ನೆ ಕೇಳಿದೆ. ಹಳ್ಳ ತೋಟದ ಕೆಳಗೇ ಇದೆಯಂತೆ, ಜೊತೆಗೆ ಅವರ ಮಗ ಬರುತ್ತಾನಂತೆ. ಈ ವರ್ಷ ಅವರ ಊರಲ್ಲಿ ಕಾಯಿಲೆ ಇಲ್ಲ ಅಂದರು. ನಾಲ್ಕು ದಿನದಲ್ಲಿ ಯಾವ ದಿನ ಏನು ಇಟ್ಟುಕೊಳ್ಳಲಿ?

ಕಾನಂಚಿನ ಮನೆ

ಒಳ್ಳೆಯದಾಯ್ತು. ಬಂದ ದಿನ ಎಲ್ಲಿಗೂ ಹೋಗಬೇಡಿ, ತೋಟ, ಹಳ್ಳ ಸಾಕು. ಉಳಿದದ್ದನ್ನು ನಿರ್ಧರಿಸುವ ಮುಂಚೆ ಆ ಮನೆಯವರಿಗೆ ಇನ್ನೊಂದು ಫೋನ್ ಮಾಡಿ, ಅವರ ತೋಟದ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು ಯಾವತ್ತು ಅಂತ ಕೇಳಿ. ಡಿಸೆಂಬರ್ ಅಡಿಕೆ ಸುಗ್ಗಿಯ ಕಾಲ. ಕೊನೆಗಾರ ಒಂದು ಮರ ಹತ್ತಿ, ಅಲ್ಲಿಂದ ಇಳಿಯದೆ ಪಕ್ಕದ ಮರಕ್ಕೆ ಜೀಕಿ ಹೋಗುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಸರ್ರನೆ ಜಾರಿ ಬರುತ್ತದೆ. ಮಕ್ಕಳು ಮರದ ಕೆಳಗೆ ನಿಲ್ಲದೆ ದೂರದಿಂದ ನೋಡಲಿ. ರಾತ್ರಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಾರೆ. ಆಮೇಲೆ ಹಂಡೆಯಲ್ಲಿ ಚೊಗರು (ಮೊದಲು ಅಡಿಕೆ ಬೇಯಿಸಿದ ಕೆಂಪು ನೀರು) ಹಾಕಿ ಬೇಯಿಸುತ್ತಾರೆ. ಸುಲಿಯುವವರ ಮಾತು, ನಗು ಕೇಳುತ್ತಾ ಅಮ್ಮನೂ ಅಲ್ಲೇ ಕೂರಬಹುದು.

ಕೊಯ್ಲಿನ ದಿನ ಪೂರ್ತಿ ಮನೆ ಹತ್ತಿರವೇ ಇರಿ. ಅದರ ಹಿಂದಿನ ದಿನವೋ ಮಾರನೇ ದಿನವೋ ಕವಲೇದುರ್ಗ. ಕುಪ್ಪಳಿ ಕೊನೆಯ ದಿನಕ್ಕಿರಲಿ, ಕೊಪ್ಪದ ದಾರಿಯಲ್ಲಿದೆ.